ಶೈತ್ಯದ ಮೈಮೇಲೊಂದು ಬಿಸಿಚುಕ್ಕೆ

ಸಂತೆಯಲ್ಲಿ ಮಡಕೆ ಕೊಳ್ಳಹೋದ ಗೃಹಿಣಿ, ಕುಂಬಾರನು ತನ್ನ ಸರಕನ್ನು ಎಷ್ಟೇ ಬಣ್ಣಿಸಿದರೂ ಆ ಮಾತನ್ನು ನೆಚ್ಚದೆ, ಮಡಕೆಯನ್ನು ಎಡಗೈಯಲ್ಲಿ ಎತ್ತಿ ಹಿಡಿದು, ಬಲಗೈಯ ಬೆರಳಗೆಣ್ಣಿನಿಂದ ಸುತ್ತಲೂ ಮೆಲ್ಲಗೆ ತಟ್ಟಿ ನೋಡುತ್ತಾಳೆ. ಕಣ್ಣಿಗೆ ಕಾಣದ ಕೂದಲೆಳೆಯಂಥ ಬಿರುಕು ಎಲ್ಲಿಯಾದರೂ ಇದ್ದಲ್ಲಿ, ಠಣ್ಣೆಂದು ಉಲಿಯಬೇಕಾಗಿದ್ದ ಮಡಕೆ ಬೊದ್ದುದನಿಯನ್ನು ಕೊಟ್ಟು ತನ್ನ ಗುಟ್ಟನ್ನು ತಾನೇ ಹೊರಗೆಡಹುತ್ತದೆ. ತಟ್ಟದೆ ಹೋದರೆ ದೋಷ ತಿಳಿಯದು, ಬಲವಾಗಿ ತಟ್ಟಿದರೆ ಮಡಕೆಯೇ ಉಳಿಯದು. ಎಷ್ಟು ತಟ್ಟಬೇಕೆಂಬ ಅಳತೆಯನ್ನು ಬಲ್ಲದ್ದು ಆ ಬೆರಳು. ನಾನು ಇಲ್ಲಿ ಹೇಳಹೊರಟಿರುವುದು ಇಂಥದೇ ಒಂದು ಪರೀಕ್ಷೆಯ ವಿಚಾರವಾದರೂ, ಇಲ್ಲಿನ ಮಡಕೆ ಹೀಲಿಯಮ್ ದ್ರವದ ಶೈತ್ಯದಲ್ಲಿರಿಸಿದ ಲೋಹದ ತೆಳುಪೊರೆ. ಬೆರಳು ಎಲೆಕ್ಟ್ರಾನುಗಳ ಸೂಕ್ಷ್ಮವಾದ ಕಿರಣ. ತಟ್ಟುವ ಪೆಟ್ಟು ಒಂದಿಷ್ಟು ಶಾಖ.

ದೋಷವನ್ನು ಹುಡುಕುವ ಈ ಕಥೆ ಅತಿವಾಹಕಗಳ ಕಥೆಯಷ್ಟೇ ಹಳೆಯದು. ಹಾಲೆಂಡಿನ ಲೈಡನ್ ನಗರದಲ್ಲಿ ಹೈಕೆ ಕಾಮರ್ಲಿಂಗ್ ಓನ್ನೆಸ್ ಅವರು 1908ರ ಜುಲೈ 10ರಂದು ಹೀಲಿಯಮ್ ಅನಿಲವನ್ನು ಮೊತ್ತಮೊದಲು ದ್ರವವಾಗಿಸಿದರು. ಆ ದ್ರವ ಕುದಿಯುವುದು 4.2 ಕೆಲ್ವಿನ್‌ನಲ್ಲಿ, ಅಂದರೆ ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗೂ ಸುಮಾರು 269 ಡಿಗ್ರಿ ಕೆಳಗೆ. ಮೂರು ವರ್ಷಗಳ ತರುವಾಯ, 1911ರ ಏಪ್ರಿಲ್ ತಿಂಗಳಲ್ಲಿ, ಅದೇ ದ್ರವದಲ್ಲಿ ತಣಿಸಿದ ಪಾದರಸ ವಿದ್ಯುತ್ಪ್ರವಾಹಕ್ಕೆ ಒಡ್ಡುತ್ತಿದ್ದ ರೋಧವನ್ನು ಒಮ್ಮೆಲೇ ಕಳೆದುಕೊಂಡು ಅತಿವಾಹಕವಾದುದನ್ನು ಅವರ ಪ್ರಯೋಗಶಾಲೆ ಕಂಡಿತು. ರೋಧವಿಲ್ಲದೆಡೆ ಶಾಖವಿಲ್ಲ, ಶಾಖವಿಲ್ಲದಿದ್ದರೆ ತಂತಿಯ ಸುರುಳಿಯಲ್ಲಿ ಮನಬಂದಷ್ಟು ಪ್ರವಾಹವನ್ನು ಹರಿಸಿ ಮಹಾಶಕ್ತಿಯ ವಿದ್ಯುತ್ಕಾಂತಗಳನ್ನು ರಚಿಸಬಹುದಲ್ಲವೆ ಎಂಬ ಆಸೆ ಅವರಲ್ಲಿ ಚಿಗುರಿತು. ಆದರೆ ಸೀಸದ ತಂತಿಯ ಸುರುಳಿ ಎಣಿಸಿದಷ್ಟು ಪ್ರವಾಹವನ್ನು ಹೊರಲೊಲ್ಲದೆ ನಡುವೆಯೇ ಸಾಮಾನ್ಯ ಲೋಹವಾಗಿ ಬಿಡುತ್ತಿತ್ತು. ತಂತಿಯಲ್ಲಿ ಎಲ್ಲಿಯೋ ಕೆಟ್ಟ ಜಾಗಗಳಿದ್ದು, ಅಲ್ಲಿ ಮೊದಲು ಹುಟ್ಟಿದ ಶಾಖವೇ ಅಕ್ಕಪಕ್ಕವನ್ನು ಕೆಡಿಸುತ್ತಿರಬೇಕೆಂದು 1913ರಲ್ಲಿ ಅವರು ಸಂಶಯಪಟ್ಟರು. ಆ ಸುರುಳಿಯ ಮಟ್ಟಿಗೆ ಮುಖ್ಯ ಅಪರಾಧಿ ಅದು ತಾನೇ ಹುಟ್ಟಿಸಿದ ಕಾಂತಕ್ಷೇತ್ರವೆಂಬುದು ಮರುವರ್ಷ ಗೊತ್ತಾಯಿತೆನ್ನಿ. ಆದರೂ ಕೆಟ್ಟ ಜಾಗವೆಂಬ ಸಂಶಯ ಸುಳ್ಳಾಗಲಿಲ್ಲ. ತೆಳುಪೊರೆಗಳ ಕಾಲ ಬಂದಾಗ ಅದು ಮತ್ತೆ ತಲೆಯೆತ್ತಿತು.

ತೆಳುಪೊರೆ ಎಂದರೆ ಎಷ್ಟು ತೆಳು? ಸೀಸವನ್ನೋ ತವರವನ್ನೋ ನಿಯೋಬಿಯಮ್ಮನ್ನೋ ನಿರ್ವಾತದೊಳಗೆ ಆವಿಯಾಗಿಸಿ, ಅಥವಾ ಪರಮಾಣು ಪರಮಾಣುವಾಗಿ ಸಿಡಿಸಿ, ಗಾಜಿನದೋ ನೀಲಮಣಿಯದೋ ಆದ ಫಲಕವೊಂದರ ಮೇಲೆ ಕೂರಿಸುತ್ತಾರೆ. ಇಲ್ಲಿ ನೀಲಮಣಿ ಎಂದದ್ದು ಉಂಗುರದ ನೀಲಿಯ ಹರಳಲ್ಲ, ಅದೇ ಜಾತಿಯ, ಬಣ್ಣವಿಲ್ಲದ, ಕಾರ್ಖಾನೆಯಲ್ಲಿ ಬೆಳೆಸಿದ ಸ್ಫಟಿಕ. ಹೀಗೆ ಕುಳಿತ ಲೋಹದ ದಪ್ಪ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಭಾಗದ ಆಸುಪಾಸಿನಲ್ಲಿರುತ್ತದೆ. ತಲೆಗೂದಲನ್ನು ಅಡ್ಡಲಾಗಿ ಏಳೆಂಟು ನೂರು ಪದರಗಳಾಗಿ ಸೀಳಬಹುದಾದರೆ ಆಗ ಸಿಗುವ ಒಂದು ಪದರದಷ್ಟು. ಸೀಸ 7.2 ಕೆಲ್ವಿನ್‌ಗಿಂತ ಕೆಳಗೆ, ನಿಯೋಬಿಯಮ್ 9.2ಕ್ಕಿಂತ ಕೆಳಗೆ, ತವರ 3.7ಕ್ಕಿಂತ ಕೆಳಗೆ ಅತಿವಾಹಕವಾಗುತ್ತವೆ. ಆ ಸ್ಥಿತಿಯಲ್ಲಿ ಲೋಹದೊಳಗಿನ ಎಲೆಕ್ಟ್ರಾನುಗಳು ಒಂದನ್ನೊಂದು ದೂರವಿಡುವ ತಮ್ಮ ಸಹಜಗುಣವನ್ನು ಮೀರಿ ಜೋಡಿಜೋಡಿಯಾಗಿ ಕೂಡಿಕೊಳ್ಳುತ್ತವೆಂದೂ, ಈ ಜೋಡಿಗಳೆಲ್ಲ ಏಕತಾಳದಲ್ಲಿ ನಡೆಯುವುದರಿಂದಲೇ ಯಾವ ತಡೆಯೂ ಅವುಗಳಿಗೆ ತಟ್ಟದೆಂದೂ ಬಾರ್ಡೀನ್, ಕೂಪರ್, ಶ್ರೀಫರ್ ಎಂಬ ಮೂವರು 1957ರಲ್ಲಿ ವಿವರಿಸಿದರು. ಜೋಡಿಯನ್ನು ಬಿಡಿಸಲು ಬೇಕಾದ ಶಕ್ತಿ ಅತ್ಯಲ್ಪ. ನಿಯೋಬಿಯಮ್ಮಿನಲ್ಲಿ ಒಂದು ಎಲೆಕ್ಟ್ರಾನ್-ವೋಲ್ಟಿನ ಸಾವಿರದಲ್ಲಿ ಮೂರು ಪಾಲು ಸಾಕು. ಶಾಖವೆಂಬುದು ಈ ದಾಂಪತ್ಯಕ್ಕೆ ಹುಟ್ಟಾ ವೈರಿ.

ಇಂಥ ಪೊರೆಯ ಎರಡು ತುದಿಗಳಿಗೆ ತಂತಿ ಜೋಡಿಸಿ ಅಳೆದರೆ ದೊರೆಯುವುದು ಇಡೀ ಪೊರೆಯ ಒಟ್ಟು ವರ್ತನೆ ಮಾತ್ರ. ಇಷ್ಟು ಆಂಪಿಯರಿಗೆ ಸೋತಿತು, ಇಷ್ಟು ಕೆಲ್ವಿನ್‌ಗೆ ಸೋತಿತು ಎಂದು ಅಳತೆಯ ಯಂತ್ರ ಹೇಳೀತೇ ಹೊರತು, ಎಲ್ಲಿ ಸೋತಿತೆಂಬುದನ್ನು ಹೇಳಲಾರದು. ಸಾಧಾರಣ ಸೂಕ್ಷ್ಮದರ್ಶಕದ ಅಡಿಯಲ್ಲಿಟ್ಟರೆ ಪೊರೆಯ ಮೇಲ್ಮೈ ಕಂಡೀತು, ಗೀರು ಧೂಳು ಕಂಡಾವು. ಆದರೆ ಅತಿವಾಹಕತೆ ಎಂಬುದು ಮೇಲ್ಮೈಯ ಬಣ್ಣವಲ್ಲ, ಆಕಾರವಲ್ಲ. ಕನ್ನಡಿಯಂತೆ ಹೊಳೆಯುವ ಜಾಗ ಒಳಗೆ ದುರ್ಬಲವಾಗಿರಬಹುದು, ಮಂಕಾದ ಜಾಗ ಗಟ್ಟಿಯಾಗಿರಬಹುದು. ಆದುದರಿಂದ ಪೊರೆಯನ್ನು ನೋಡಿದರೆ ಸಾಲದು, ತಟ್ಟಬೇಕು.

ಎಲೆಕ್ಟ್ರಾನುಗಳ ಕಿರಣ ತಾನು ಬಿದ್ದೆಡೆಯನ್ನು ಬಿಸಿ ಮಾಡುತ್ತದೆಂಬುದು ಎಲೆಕ್ಟ್ರಾನ್ ಎಂಬ ಹೆಸರು ಚಾಲ್ತಿಗೆ ಬರುವುದಕ್ಕೂ ಮೊದಲೇ ತಿಳಿದಿದ್ದ ಸಂಗತಿ. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 1879ರಲ್ಲಿ ವಿಲಿಯಂ ಕ್ರೂಕ್ಸ್ ಅವರು ನೆರೆದ ಸಭೆಯ ಮುಂದೆ, ಗಾಳಿಯನ್ನು ಬಹುಮಟ್ಟಿಗೆ ತೆಗೆದ ಗಾಜಿನ ಬುರುಡೆಯೊಂದರಲ್ಲಿ, ಬಟ್ಟಲಿನಂತೆ ಬಾಗಿದ ಋಣಧ್ರುವದಿಂದ ಹೊರಟ ಕಿರಣಗಳನ್ನು ಒಂದೆಡೆ ಕೂಡಿಸಿ, ಆ ಕೂಡುವೆಡೆಯಲ್ಲಿರಿಸಿದ ಪ್ಲಾಟಿನಮ್ ಮಿಶ್ರಲೋಹದ ತುಣುಕು ಕಾದು ಬೆಳ್ಳಗೆ ಉರಿಯುವಂತೆ ಮಾಡಿ ತೋರಿಸಿದರು. ಆ ಕಿರಣಗಳು ಋಣವಿದ್ಯುತ್ತಿನ, ಪರಮಾಣುವಿಗಿಂತಲೂ ಕಿರಿದಾದ ಕಣಗಳೆಂದು ಜೆ. ಜೆ. ಥಾಮ್ಸನ್ ಅವರು 1897ರಲ್ಲಿ ಸಾಧಿಸಿದ ಮೇಲೆ, ಅವೇ ಕಣಗಳನ್ನು ಕಾಂತದ ಸುರುಳಿಗಳಿಂದ ಬಾಗಿಸಿ ಮಸೂರದಂತೆ ಕೂಡಿಸುವ ಯುಕ್ತಿ 1931ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ದಾರಿ ಮಾಡಿತು. ಕಿರಣವನ್ನು ಸೂಜಿಮೊನೆಯಂತೆ ಚೂಪಾಗಿಸಿ, ವಸ್ತುವಿನ ಮೇಲೆ ಗೆರೆಯ ಕೆಳಗೆ ಗೆರೆಯಾಗಿ ಸವರುತ್ತ ಹೋಗುವ ಸ್ಕ್ಯಾನಿಂಗ್ ಸೂಕ್ಷ್ಮದರ್ಶಕ ಅದರ ಬೆನ್ನಿಗೇ ಹುಟ್ಟಿ, 1965ರಲ್ಲಿ ಮಾರುಕಟ್ಟೆಗೂ ಬಂದಿತು. ಈ ಯಂತ್ರಗಳನ್ನು ನಡೆಸುವವರಿಗೆ ಶಾಖವೆಂಬುದು ಕೇವಲ ಪೀಡೆ: ನಾಜೂಕಾದ ವಸ್ತುಗಳು ಸುಟ್ಟುಹೋಗುವುವು, ಪ್ಲಾಸ್ಟಿಕ್ಕು ಸುರುಟುವುದು. ಆ ಪೀಡೆಯನ್ನೇ ಕರೆದು ಕೆಲಸಕ್ಕೆ ಹಚ್ಚಬಹುದೆಂದು ಯಾರಿಗಾದರೂ ತೋರಬೇಕಾಗಿತ್ತು.

ಹಾಗೆ ತೋರಿದ್ದು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ರುಡಾಲ್ಫ್ ಹ್ಯೂಬೆನರ್ ಅವರಿಗೂ ಅವರ ಸಂಗಡಿಗರಿಗೂ. ಟ್ಯೂಬಿಂಗನ್ ನೆಕ್ಕಾರ್ ನದಿಯ ದಡದ ಪುರಾತನ ವಿದ್ಯಾಪಟ್ಟಣ. ಕೆಪ್ಲರ್ ವಿದ್ಯಾರ್ಥಿಯಾಗಿದ್ದದ್ದು ಇಲ್ಲಿ. ಜೀವಕೋಶದ ಗರ್ಭದಿಂದ ನಾವಿಂದು ಡಿಎನ್‌ಎ ಎಂದು ಕರೆಯುವ ವಸ್ತುವನ್ನು ಫ್ರೀಡ್ರಿಶ್ ಮೀಷರ್ ಎಂಬ ತರುಣ 1869ರಲ್ಲಿ ಮೊದಲು ಬೇರ್ಪಡಿಸಿದ್ದು ಇಲ್ಲಿನ ಕೋಟೆಯ ಹಳೆಯ ಅಡಿಗೆಮನೆಯಲ್ಲಿ ನಡೆಯುತ್ತಿದ್ದ ಪ್ರಯೋಗಶಾಲೆಯೊಳಗೆ. ಅಡಿಗೆಮನೆಗೂ ವಿಜ್ಞಾನಕ್ಕೂ ಇಲ್ಲಿ ಹಳೆಯ ನಂಟೆನ್ನಬೇಕು; ಏಕೆಂದರೆ ಮುಂದೆ ನಡೆದದ್ದೂ ಒಂದು ಬಗೆಯಲ್ಲಿ ಹದವರಿತು ಕಾಯಿಸುವ ಕೆಲಸವೇ. ಅಮೆರಿಕದ ಅಯೋವಾದಲ್ಲಿದ್ದ ಜಾನ್ ಕ್ಲೆಮ್ ಎಂಬ ಸಿದ್ಧಾಂತಕೋವಿದರೊಡನೆ ಕೂಡಿ ಹ್ಯೂಬೆನರ್ ಅವರು ಇದರ ಗಣಿತವನ್ನು 1980ರಲ್ಲಿ ಪ್ರಕಟಿಸಿದರು.

ಮೊದಲ ತೊಡಕು ಪಾತ್ರೆಯದೇ ಆಗಿತ್ತು. ಎಲೆಕ್ಟ್ರಾನ್ ಕಿರಣ ನಡೆಯಬೇಕಾದರೆ ನಿರ್ವಾತ ಬೇಕು. ಪೊರೆ ತಣ್ಣಗಿರಬೇಕಾದರೆ ದ್ರವ ಬೇಕು. ದ್ರವದಲ್ಲಿ ಮುಳುಗಿಸಿದರೆ ಕಿರಣ ತಲುಪದು. ನಿರ್ವಾತದಲ್ಲಿ ಬರಿದೆ ಇರಿಸಿದರೆ ಪೊರೆ ತಣಿಯದು. ಟ್ಯೂಬಿಂಗನ್ನಿನವರು ಕಂಡ ಉಪಾಯ, ಒಮ್ಮೆ ಹೇಳಿದ ಮೇಲೆ, ಇಷ್ಟೇನೆ ಎನ್ನಿಸುವಂಥದು: ಪೊರೆಯನ್ನು ಹೊತ್ತ ಫಲಕವನ್ನೇ ಹೀಲಿಯಮ್ ಪಾತ್ರೆಯ ಮುಚ್ಚಳದಂತೆ ಬಿಗಿದುಬಿಟ್ಟರು. ಫಲಕದ ಕೆಳಮೈಗೆ ದ್ರವ ನೇರವಾಗಿ ತಾಕುತ್ತಿರುತ್ತದೆ. ಪೊರೆಯನ್ನು ಧರಿಸಿದ ಮೇಲ್ಮೈ ನಿರ್ವಾತಕ್ಕೆ ತೆರೆದು, ಕಿರಣಕ್ಕೆ ಮುಖವೊಡ್ಡಿ ನಿಂತಿರುತ್ತದೆ. ನಡುವೆ ಇರುವುದು ತೆಳುವಾದ ಸ್ಫಟಿಕ. ಅದರ ಒಂದು ಮಗ್ಗುಲಲ್ಲಿ ಕುಳಿರು, ಮತ್ತೊಂದು ಮಗ್ಗುಲಲ್ಲಿ ಶೂನ್ಯ.

ಈಗ ಆ ಕಿರಣವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಪ್ಪತ್ತೈದು ಸಾವಿರ ವೋಲ್ಟುಗಳಿಂದ ನೂಕಿಸಿಕೊಂಡು ಬರುವ ಕಿರಣದಲ್ಲಿ ಒಂದು ನ್ಯಾನೋಆಂಪಿಯರ್, ಎಂದರೆ ಆಂಪಿಯರಿನ ನೂರು ಕೋಟಿಯಲ್ಲೊಂದು ಭಾಗ, ಪ್ರವಾಹವಿದೆಯೆಂದು ಇಟ್ಟುಕೊಳ್ಳಿ. ಸೆಕೆಂಡಿಗೆ ಸುಮಾರು 624 ಕೋಟಿ ಎಲೆಕ್ಟ್ರಾನುಗಳು ಬಂದು ಬೀಳುತ್ತವೆ. ಇದನ್ನು ಕೇಳಿದೊಡನೆ ದಟ್ಟವಾದ ಧಾರೆಯೊಂದು ನಮ್ಮ ಮನಸ್ಸಿಗೆ ಬರುತ್ತದೆ. ಆದರೆ ಆ ಎಲೆಕ್ಟ್ರಾನುಗಳ ವೇಗವಾದರೋ ಬೆಳಕಿನ ವೇಗದ ಹತ್ತರಲ್ಲಿ ಮೂರು ಪಾಲು, ಸೆಕೆಂಡಿಗೆ ಸುಮಾರು 90,000 ಕಿಲೋಮೀಟರ್. ಲೆಕ್ಕ ಹಾಕಿ ನೋಡಿದರೆ ಒಂದರ ಹಿಂದೆ ಇನ್ನೊಂದು ಬರುವ ಎಲೆಕ್ಟ್ರಾನುಗಳ ನಡುವಣ ಸರಾಸರಿ ದೂರ ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರ್, ಒಂದು ಬೆರಳಿನ ಅಗಲ! ಧಾರೆಯಲ್ಲ, ಬೆರಳಗಲಕ್ಕೊಂದರಂತೆ ಬೀಳುವ ಹನಿಗಳ ಸಾಲು. ಹೀಗಿದ್ದರೂ ಪೊರೆಗೆ ಅದು ಧಾರೆಯೇ. ಏಕೆಂದರೆ ಒಂದು ಹನಿಯ ಬಿಸಿ ಆರುವುದರೊಳಗೆ ಮತ್ತೆಷ್ಟೋ ಹನಿಗಳು ಬಂದು ಬಿದ್ದಿರುತ್ತವೆ. ಒಟ್ಟಾರೆ ಕಿರಣವು ತಂದೊಪ್ಪಿಸುವ ಶಕ್ತಿ 25 ಮೈಕ್ರೋವಾಟ್, ಹತ್ತು ವಾಟಿನ ದೀಪದ ನಾಲ್ಕು ಲಕ್ಷದಲ್ಲೊಂದು ಪಾಲು. ಅನೇಕ ಪ್ರಯೋಗಗಳಲ್ಲಿ ಇದಕ್ಕಿಂತಲೂ ಹತ್ತಾರು ಪಟ್ಟು ಕ್ಷೀಣವಾದ ಕಿರಣವೇ ಸಾಕಾಗುತ್ತದೆ.

ಬಿದ್ದ ಎಲೆಕ್ಟ್ರಾನಿಗೆ ಏನಾಗುತ್ತದೆ? ಕೆಲವು ಲೋಹದ ಪರಮಾಣುಗಳಿಗೆ ಬಡಿದು, ಬಂದ ದಾರಿಗೆ ಸುಂಕವಿಲ್ಲವೆಂಬಂತೆ ಹಿಂದಕ್ಕೆ ಚಿಮ್ಮಿಬಿಡುತ್ತವೆ. ಸೀಸದಂಥ ಭಾರಲೋಹದ ದಪ್ಪನೆಯ ಗಟ್ಟಿಗೆ ಬಡಿದವುಗಳಲ್ಲಿ ಸುಮಾರು ಅರ್ಧದಷ್ಟು ಹೀಗೆ ಮರಳುವುದುಂಟು. ಉಳಿದವು ಒಳನುಗ್ಗುತ್ತವೆ. ಇಲ್ಲಿ ಹೊಸಬರು ಸಾಮಾನ್ಯವಾಗಿ ಎಡವುವ ಒಂದು ಸಂಗತಿಯಿದೆ. ಇಪ್ಪತ್ತೈದು ಸಾವಿರ ವೋಲ್ಟಿನ ಎಲೆಕ್ಟ್ರಾನು ಘನವಸ್ತುವಿನೊಳಗೆ ಕೆಲವು ಮೈಕ್ರೋಮೀಟರುಗಳಷ್ಟು ಆಳಕ್ಕೆ ಇಳಿಯಬಲ್ಲುದು, ಪೊರೆಯಾದರೋ ಮೈಕ್ರೋಮೀಟರಿನ ಹತ್ತರಲ್ಲೊಂದೆರಡು ಪಾಲಿನಷ್ಟು ದಪ್ಪ. ಆದುದರಿಂದ ಕಿರಣದ ಶಕ್ತಿಯ ಬಹುಭಾಗ ಪೊರೆಯನ್ನು ತೂರಿಕೊಂಡು ಹೋಗಿ ಅಡಿಯ ಫಲಕದಲ್ಲಿ ಇಂಗುತ್ತದೆ. ಪೊರೆಯ ಪಾಲಿಗೆ ನೇರವಾಗಿ ಬರುವುದು ಚಿಲ್ಲರೆ. ಫಲಕ ಕಾದು, ಅದರ ಶಾಖ ಕೆಳಗಿನಿಂದ ಪೊರೆಗೆ ಏರುತ್ತದೆ. ಹಂಚಿನ ಮೇಲಿನ ರೊಟ್ಟಿಯನ್ನು ಬೇಯಿಸುವುದು ಮೇಲಿನಿಂದ ಒತ್ತುವ ಒದ್ದೆಬಟ್ಟೆಯಲ್ಲ, ಕೆಳಗಿನ ಹಂಚು; ಇಲ್ಲಿಯೂ ಬಹುಮಟ್ಟಿಗೆ ಹಾಗೆಯೇ. ಕಿರಣದ ವೋಲ್ಟೇಜನ್ನು ಇಳಿಸಿದರೆ ಎಲೆಕ್ಟ್ರಾನು ಅಷ್ಟು ಆಳಕ್ಕೆ ಇಳಿಯದೆ ಪೊರೆಯಲ್ಲಿಯೇ ಹೆಚ್ಚಾಗಿ ನಿಲ್ಲುತ್ತದೆ, ಏರಿಸಿದರೆ ಫಲಕದ ಪಾಲು ಬೆಳೆಯುತ್ತದೆ; ಈ ಪಾಲುಪಟ್ಟಿಯನ್ನು ಮೊದಲೇ ಎಣಿಸಿಕೊಂಡಿರದಿದ್ದರೆ ಮುಂದೆ ದೊರೆಯುವ ಚಿತ್ರಕ್ಕೆ ಅರ್ಥ ಹೇಳುವುದು ಕಷ್ಟ.

ಪೊರೆಯೊಳಗೆ ಉಳಿದ ಶಕ್ತಿಯ ಕಥೆಯೂ ಸೊಗಸಾಗಿದೆ. ಒಂದೇ ಒಂದು ಎಲೆಕ್ಟ್ರಾನಿನ ಶಕ್ತಿಯೆಲ್ಲವೂ ನಿಯೋಬಿಯಮ್ಮಿನ ಜೋಡಿಗಳನ್ನು ಬಿಡಿಸುವುದಕ್ಕೇ ವಿನಿಯೋಗವಾಗುವುದಾದರೆ 80 ಲಕ್ಷಕ್ಕೂ ಮಿಕ್ಕ ಜೋಡಿಗಳು ಬೇರಾದಾವು. ವಾಸ್ತವದಲ್ಲಿ ಹಾಗೆ ಆಗುವುದಿಲ್ಲ. ಬಂದ ಎಲೆಕ್ಟ್ರಾನು ಲೋಹದ ಎಲೆಕ್ಟ್ರಾನುಗಳನ್ನು ಕೆರಳಿಸುತ್ತದೆ, ಅವು ಇನ್ನಷ್ಟನ್ನು ಕೆರಳಿಸುತ್ತವೆ, ಎಲ್ಲವೂ ಸೇರಿ ಸ್ಫಟಿಕದ ಜಾಲವೇ ಕಂಪಿಸುವಂತೆ ಮಾಡುತ್ತವೆ. ಈ ಕಂಪನದ ಕಣಿಕೆಗಳನ್ನು ಭೌತವಿಜ್ಞಾನಿಗಳು ಫೋನಾನುಗಳೆಂದು ಕರೆಯುತ್ತಾರೆ. ನಾವು ದಿನಬಳಕೆಯಲ್ಲಿ ಬಿಸಿ ಎನ್ನುವುದು ಅವುಗಳ ಗದ್ದಲವನ್ನೇ. ಇಷ್ಟು ಅಲ್ಪಶಕ್ತಿಯಿಂದ ಹಲವು ಕೆಲ್ವಿನ್‌ಗಳಷ್ಟು ಉಷ್ಣತೆ ಏರುವುದಾದರೂ ಹೇಗೆಂದು ಕೇಳಬಹುದು. ಶೈತ್ಯದ ಜಗತ್ತಿನಲ್ಲಿ ವಸ್ತುಗಳಿಗೆ ಶಾಖವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಸಾಮರ್ಥ್ಯವೇ ಇಲ್ಲವಾಗುತ್ತದೆ ಎಂಬುದು ಅದಕ್ಕೆ ಉತ್ತರ. ಒಂದು ತಾಮ್ರದ ಚೊಂಬನ್ನು ನಮ್ಮ ಮನೆಯ ಉಷ್ಣತೆಯಲ್ಲಿ ಒಂದು ಡಿಗ್ರಿ ಬಿಸಿಮಾಡಲು ತಗಲುವ ಶಾಖದ ಸುಮಾರು ನಾಲ್ಕು ಸಾವಿರದಲ್ಲೊಂದು ಭಾಗ, ಅದೇ ಚೊಂಬನ್ನು 4 ಕೆಲ್ವಿನ್‌ನಲ್ಲಿ ಒಂದು ಡಿಗ್ರಿ ಏರಿಸಲು ಸಾಕು. ಬಡವನ ಮನೆಯಲ್ಲಿ ಒಂದು ಕಾಸಿಗೂ ಬೆಲೆ ಹೆಚ್ಚು.

ಬಂದ ಶಾಖ ನಿಂತಲ್ಲಿ ನಿಲ್ಲುವುದಿಲ್ಲ. ಅದಕ್ಕೆ ಎರಡು ದಾರಿಗಳಿವೆ: ಪೊರೆಯ ಉದ್ದಗಲಕ್ಕೆ ಹರಡುವುದು ಒಂದು, ಕೆಳಗಿನ ಫಲಕಕ್ಕೆ ಇಳಿಯುವುದು ಇನ್ನೊಂದು. ತೋಟಕ್ಕೆ ನೀರು ಹಾಯಿಸುವವರು ಇದನ್ನು ಯಾವ ಪುಸ್ತಕವೂ ಇಲ್ಲದೆ ಬಲ್ಲರು. ಕಾಲುವೆಗೆ ಬಿಟ್ಟ ನೀರು ಮುಂದಕ್ಕೂ ಓಡುತ್ತದೆ, ನೆಲಕ್ಕೂ ಇಂಗುತ್ತದೆ. ಮರಳುನೆಲದಲ್ಲಿ ನಾಲ್ಕು ಮಾರು ಹೋಗುವಷ್ಟರಲ್ಲಿ ಮಾಯವಾಗುವ ನೀರು ಎರೆಯ ನೆಲದಲ್ಲಿ ದೂರದ ಪಾತಿಯನ್ನು ಮುಟ್ಟುತ್ತದೆ. ಪೊರೆ ದಪ್ಪವಾಗಿದ್ದು ಶಾಖವನ್ನು ಚೆನ್ನಾಗಿ ಒಯ್ಯುವಂಥದಾದರೆ ಬಿಸಿ ಅಗಲಕ್ಕೆ ಹರಡುತ್ತದೆ; ಪೊರೆಗೂ ಫಲಕಕ್ಕೂ ನಡುವಣ ಗಡಿ ಶಾಖಕ್ಕೆ ಸುಲಭವಾಗಿ ದಾರಿಬಿಟ್ಟರೆ ಬಿಸಿ ಅಲ್ಲಿಯೇ ಇಂಗಿಹೋಗುತ್ತದೆ. ಇವೆರಡರ ಅನುಪಾತದ ವರ್ಗಮೂಲದಿಂದ ದೊರೆಯುವ ಒಂದು ಉದ್ದವಿದೆ. ಬಿಸಿಯ ಗಾಯ ಮಾಯಲು ಬೇಕಾದ ದೂರವೆಂಬ ಅರ್ಥದ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. ಮಾಯುವ ದೂರ ಎನ್ನೋಣ. ವಿಜ್ಞಾನಿಗಳು ಇಟ್ಟ ಹೆಸರುಗಳಲ್ಲಿ ಇಷ್ಟು ಕರುಣೆಯುಳ್ಳದ್ದು ಅಪರೂಪ. ಹೀಲಿಯಮ್ಮಿನ ಶೈತ್ಯದಲ್ಲಿರುವ ಸಾಧಾರಣ ಪೊರೆಗಳಲ್ಲಿ ಈ ದೂರ ಒಂದು ಮೈಕ್ರೋಮೀಟರಿನ ಆಸುಪಾಸು.

ಗಡಿಯ ವಿಚಾರವನ್ನು ಇಷ್ಟಕ್ಕೇ ಬಿಡುವಂತಿಲ್ಲ. ಎರಡು ವಸ್ತುಗಳು ಎಷ್ಟೇ ಒತ್ತಾಗಿ ಕೂಡಿದ್ದರೂ ಅವುಗಳ ಗಡಿ ಶಾಖಕ್ಕೆ ತಡೆಯೊಡ್ಡುತ್ತದೆ ಎಂಬುದನ್ನು ದ್ರವಹೀಲಿಯಮ್ಮಿನಲ್ಲಿ ಮೊದಲು ಅಳೆದು ತೋರಿಸಿದವರು ರಷ್ಯದ ಪ್ಯೋತರ್ ಕಪಿತ್ಸಾ, 1941ರಲ್ಲಿ. ಶಾಖವೆಂಬುದು ಕಂಪನವಾಗಿರುವಾಗ, ಒಂದು ವಸ್ತುವಿನೊಳಗಿನ ಧ್ವನಿಯ ವೇಗವೂ ಸಾಂದ್ರತೆಯೂ ಮತ್ತೊಂದರದಕ್ಕೆ ಹೊಂದದಿದ್ದಲ್ಲಿ ಕಂಪನವು ಗಡಿಯಿಂದ ಪುಟಿದು ಹಿಂದಿರುಗುವುದು ಸಹಜ. ಬಾವಿಯೊಳಕ್ಕೆ ಕೂಗಿದ ಕೂಗು ನೀರನ್ನು ಹೊಗದೆ ನಮ್ಮ ಕಿವಿಗೇ ಮರಳುವಂತೆ. ಘನವಸ್ತುಗಳ ನಡುವಣ ಗಡಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಗಡಿಯನ್ನು ದಾಟುವ ಶಾಖವು ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಆದುದರಿಂದ ಚುಕ್ಕೆ ಹೆಚ್ಚು ಕಾದಷ್ಟೂ ಬಲುಬೇಗ ಹೆಚ್ಚು ಶಾಖವನ್ನು ಕೆಳಕ್ಕೆ ಚೆಲ್ಲಿ ತನ್ನನ್ನು ತಾನೇ ಹತೋಟಿಯಲ್ಲಿಟ್ಟುಕೊಳ್ಳುತ್ತದೆ. ಈ ಏರ್ಪಾಡು ಇಲ್ಲದಿದ್ದರೆ ಕಿರಣದ ಕೆಳಗಿನ ಪೊರೆಗೆ ಉಳಿಗಾಲ ಎಲ್ಲಿಯದು?

ಶಾಖ ಹೀಗೆ ಹರಡುವುದರಿಂದ ಒಂದು ದುಬಾರಿ ಫಲವೂ ಒದಗುತ್ತದೆ. ಒಳ್ಳೆಯ ಯಂತ್ರವೊಂದರಲ್ಲಿ ಕಿರಣದ ಮೊನೆಯನ್ನು ಹತ್ತು ನ್ಯಾನೋಮೀಟರಿನಷ್ಟು ಚೂಪು ಮಾಡಬಹುದು. ಆದರೆ ಅದು ಮೂಡಿಸುವ ಬಿಸಿಚುಕ್ಕೆ ಒಂದು ಮೈಕ್ರೋಮೀಟರಿನಷ್ಟು ಅಗಲ, ಮೊನೆಗಿಂತ ನೂರು ಪಟ್ಟು. ಸೂಜಿಯನ್ನು ಎಷ್ಟು ಮಸೆದರೇನು, ಒದ್ದೆಕಾಗದದ ಮೇಲೆ ಶಾಯಿ ಹರಡಿಯೇ ಹರಡುತ್ತದೆ. ಯಂತ್ರಕ್ಕೆ ಹೆಚ್ಚು ಹಣ ಸುರಿದು ಮೊನೆಯನ್ನು ಇನ್ನೂ ಚೂಪು ಮಾಡುವುದರಿಂದ ಲಾಭವಿಲ್ಲ. ಪೊರೆಯನ್ನು ತೆಳುವಾಗಿಸುವುದರಲ್ಲಿ, ಶಾಖ ಬೇಗ ಇಳಿದುಹೋಗುವ ಫಲಕವನ್ನು ಆರಿಸುವುದರಲ್ಲಿ, ಶಾಖ ಹರಡಲು ಸಮಯವೇ ಸಿಗದಷ್ಟು ಬೇಗಬೇಗ ಕಿರಣವನ್ನು ಹಚ್ಚಿ ಆರಿಸುವುದರಲ್ಲಿ ಲಾಭವಿದೆ. ಚಿತ್ರದ ಸ್ಪಷ್ಟತೆಯನ್ನು ನಿರ್ಣಯಿಸುವುದು ನೋಡುವ ಕಣ್ಣಲ್ಲ, ನೋಡಿಸಿಕೊಳ್ಳುವ ವಸ್ತು.

ಚುಕ್ಕೆಯಂತೂ ಮೂಡಿತು, ಚಿತ್ರವೆಲ್ಲಿಯದು? ಪೊರೆಯನ್ನು ಸಣ್ಣ ಪಟ್ಟಿಯಾಗಿ ಕತ್ತರಿಸಿ, ಅದರ ತುದಿಗಳ ನಡುವೆ ಸ್ಥಿರವಾದ ಪ್ರವಾಹವನ್ನು ಹರಿಸಿ, ಅತಿವಾಹಕತೆ ಈಗಲೋ ಆಗಲೋ ಕೆಡುವ ಅಂಚಿಗೆ ತಂದು ನಿಲ್ಲಿಸುತ್ತಾರೆ. ಕಿರಣ ಗಟ್ಟಿಯಾದ ಜಾಗದ ಮೇಲೆ ಹಾಯುವಾಗ ಆ ಜಾಗ ಕೊಂಚ ಕಾದರೂ ಅತಿವಾಹಕವಾಗಿಯೇ ಉಳಿಯುತ್ತದೆ. ಅಳತೆಯ ಮುಳ್ಳು ಅಲುಗದು. ದುರ್ಬಲವಾದ ಜಾಗಕ್ಕೆ ಬಂದೊಡನೆ ಅಲ್ಲಿ ರೋಧ ಹುಟ್ಟಿ, ಇಡೀ ಪಟ್ಟಿಯ ವೋಲ್ಟೇಜು ಕೂದಲಷ್ಟು, ಮೈಕ್ರೋವೋಲ್ಟುಗಳ ಲೆಕ್ಕದಲ್ಲಿ, ಏರುತ್ತದೆ. ಕಿರಣ ಎಲ್ಲಿದ್ದಾಗ ವೋಲ್ಟೇಜು ಎಷ್ಟು ಏರಿತೆಂಬುದನ್ನು ತೆರೆಯ ಮೇಲೆ ಬೆಳಕಾಗಿ ಬರೆಯುತ್ತ ಹೋದರೆ, ಗೆರೆಗೆ ಗೆರೆ ಕೂಡಿ, ದೌರ್ಬಲ್ಯದ ನಕಾಶೆಯೊಂದು ಕಣ್ಣಮುಂದೆ ನಿಲ್ಲುತ್ತದೆ. ಇಷ್ಟು ಸಣ್ಣ ಏರಿಕೆ ವಿದ್ಯುತ್ತಿನ ಗದ್ದಲದಲ್ಲಿ ಮುಳುಗಿಹೋಗದಂತೆ ಕಿರಣವನ್ನು ಸೆಕೆಂಡಿಗೆ ಸಾವಿರಾರು ಬಾರಿ ತಡೆದು ಬಿಟ್ಟು ಮಾಡುತ್ತಾರೆ. ಲಾಕ್-ಇನ್ ವರ್ಧಕವೆಂಬ ಉಪಕರಣವು ಅದೇ ತಾಳಕ್ಕೆ ಕುಣಿಯುವ ಸಂಕೇತವನ್ನು ಮಾತ್ರ ಆರಿಸಿಕೊಂಡು ಉಳಿದುದನ್ನೆಲ್ಲ ಕಿವಿಗೆ ಹಾಕಿಕೊಳ್ಳುವುದಿಲ್ಲ. ಜಾತ್ರೆಯ ಗದ್ದಲದಲ್ಲಿಯೂ ತಾಯಿಗೆ ತನ್ನ ಕೂಸಿನ ಅಳು ಬೇರೆಯಾಗಿ ಕೇಳಿಸುವುದಿಲ್ಲವೆ?

ಓನ್ನೆಸ್ ಅವರ ಕೆಟ್ಟ ಜಾಗಗಳು ಹೀಗೆ ಕಣ್ಣಿಗೆ ಬಿದ್ದುವು. ಅಷ್ಟೇ ಅಲ್ಲ, ಅವು ಹೇಗೆ ಬೆಳೆಯುತ್ತವೆಂಬುದೂ ಕಂಡಿತು. ಪ್ರವಾಹವನ್ನು ಹೊತ್ತ ಪಟ್ಟಿಯಲ್ಲಿ ಒಂದು ತುಣುಕು ಸಾಮಾನ್ಯ ಲೋಹವಾಯಿತೆಂದರೆ ಆ ತುಣುಕಿನ ರೋಧದಲ್ಲಿ ಪ್ರವಾಹವೇ ಶಾಖವನ್ನು ಹುಟ್ಟಿಸತೊಡಗುತ್ತದೆ. ಆ ಶಾಖ ನೆರೆಯ ತುಣುಕನ್ನು ಕೆಡಿಸುತ್ತದೆ. ಹುಟ್ಟುವ ಶಾಖವೂ ಇಳಿದುಹೋಗುವ ಶಾಖವೂ ಸರಿದೂಗುವವರೆಗೆ ಈ ಬಿಸಿತಾಣ ಹಿಗ್ಗುತ್ತದೆ. ಇದರ ಲೆಕ್ಕವನ್ನು ಹಾರ್ವರ್ಡಿನ ಸ್ಕೋಕ್‌ಪೋಲ್, ಬೀಸ್ಲಿ, ಟಿಂಕಮ್ ಎಂಬುವರು 1974ರಲ್ಲಿಯೇ ಕೊಟ್ಟಿದ್ದರು. ಟ್ಯೂಬಿಂಗನ್ನಿನ ಕಿರಣ ಅದನ್ನು ಚಿತ್ರವಾಗಿಸಿತು. ಇದಕ್ಕೂ ಬೆರಗಿನ ವಿಷಯವೆಂದರೆ, ತಕ್ಕ ಪ್ರವಾಹವಿದ್ದಲ್ಲಿ ಕಿರಣವು ಬಿಸಿತಾಣವನ್ನು ಹೊಸದಾಗಿ ಹೊತ್ತಿಸಲೂ ಬಲ್ಲುದು. ಕಿರಣವನ್ನು ತೆಗೆದ ಮೇಲೂ ಆ ತಾಣ ಆರುವುದಿಲ್ಲ. ಬಣವೆಗೆ ಬಿದ್ದ ಕಿಡಿಯ ಹಾಗೆ, ಕಡ್ಡಿಯನ್ನು ಆಚೆಗೆ ಎಸೆದರೂ ಹುಲ್ಲು ತನ್ನ ಪಾಡಿಗೆ ತಾನು ಉರಿಯುತ್ತಿರುತ್ತದೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ಎತ್ತಲೇಬೇಕು. ಕಿರಣವು ಇದ್ದುದನ್ನು ತೋರಿಸುತ್ತಿದೆಯೋ, ತಾನು ಕೆಡಿಸಿದುದನ್ನು ತೋರಿಸುತ್ತಿದೆಯೋ? ಈ ಪ್ರಶ್ನೆಯನ್ನು ನಯವಾಗಿ ಸರಿಸಿ ಮುಂದುವರಿಯುವ ಲೇಖನಗಳನ್ನು ಕಂಡರೆ ನನಗೆ ಅಷ್ಟಾಗಿ ಸಮಾಧಾನವಿಲ್ಲ. ಕಿರಣ ತೋರಿಸುವುದು ಪೊರೆಯ ಸ್ವರೂಪವನ್ನಲ್ಲ, ಬಿಸಿ ತಗುಲಿದಾಗ ಆ ಜಾಗ ಕೊಡುವ ಉತ್ತರವನ್ನು. ಉತ್ತರದಿಂದ ಸ್ವರೂಪವನ್ನು ಊಹಿಸುವ ಹೊಣೆ ನೋಡುವವನದು. ಆದುದರಿಂದಲೇ ಬಲ್ಲವರು ಕಿರಣದ ಬಲವನ್ನು ಹಂತಹಂತವಾಗಿ ಇಳಿಸಿ ನೋಡುತ್ತಾರೆ. ಬಲ ಅರ್ಧವಾದಾಗ ಸಂಕೇತವೂ ಅರ್ಧವಾಗಿ, ಆಕಾರ ಮಾತ್ರ ಬದಲಾಗದಿದ್ದರೆ, ತಟ್ಟಿದ ಪೆಟ್ಟು ಮಡಕೆಯನ್ನು ಒಡೆದಿಲ್ಲವೆಂದು ನಂಬುತ್ತಾರೆ. ಕ್ಲೆಮ್ ಅವರ ಗಣಿತದ ಬೆಲೆ ತಿಳಿಯುವುದೂ ಇಲ್ಲಿಯೇ.

ಪಟ್ಟಿಗಳಿಂದ ಈ ವಿದ್ಯೆ ಜೋಸೆಫ್‌ಸನ್ ಸಂಧಿಗಳಿಗೆ ದಾಟಿತು. ಎರಡು ಅತಿವಾಹಕ ಪೊರೆಗಳ ನಡುವೆ ಒಂದೆರಡು ನ್ಯಾನೋಮೀಟರ್ ದಪ್ಪದ ಆಕ್ಸೈಡನ್ನು ಇರಿಸಿದರೂ ಜೋಡಿಗಳು ಅದನ್ನು ತೂರಿ ಹೋಗುತ್ತವೆಂದು ಕೇಂಬ್ರಿಡ್ಜಿನ ವಿದ್ಯಾರ್ಥಿ ಬ್ರಯನ್ ಜೋಸೆಫ್‌ಸನ್ 1962ರಲ್ಲಿ ಕಾಗದದ ಮೇಲೆ ಕಂಡುಕೊಂಡಿದ್ದರು. ಆ ಪ್ರವಾಹ ಸಂಧಿಯ ಒಳಗೆ ಎಲ್ಲೆಲ್ಲಿ ಎಷ್ಟೆಷ್ಟು ಹಂಚಿಕೊಂಡಿದೆ ಎಂಬುದನ್ನು ಬಿಸಿಚುಕ್ಕೆ 1985ರಲ್ಲಿ ನೇರವಾಗಿ ತೋರಿಸಿಕೊಟ್ಟಿತು. ಮರುವರ್ಷ ಜ್ಯೂರಿಕ್ಕಿನಲ್ಲಿ ಬೆಡ್ನೋರ್ಜ್ ಮತ್ತು ಮ್ಯುಲ್ಲರ್ ತಾಮ್ರದ ಆಕ್ಸೈಡುಗಳಲ್ಲಿ ಹೊಸ ಬಗೆಯ ಅತಿವಾಹಕತೆಯನ್ನು ಕಂಡರು; 1987ರಲ್ಲಿ ಇಟ್ರಿಯಮ್, ಬೇರಿಯಮ್, ತಾಮ್ರಗಳ ಆಕ್ಸೈಡು 90 ಕೆಲ್ವಿನ್‌ಗೂ ಮೇಲೆ ಅತಿವಾಹಕವಾಗಿ, ಅಗ್ಗದ ದ್ರವಸಾರಜನಕವೇ ಸಾಕೆಂಬಂತಾಯಿತು. ಆ ಮಿಶ್ರಣದಲ್ಲಿ ನಿಜವಾಗಿ ಅತಿವಾಹಕವಾದ ಘಟಕ ಯಾವುದೆಂಬುದನ್ನು ಗುರುತಿಸಿ ಅದೇ ವರ್ಷ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದವರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ಎನ್. ಆರ್. ರಾವ್ ಅವರ ತಂಡವೂ ಸೇರಿತ್ತು. ಈ ಆಕ್ಸೈಡುಗಳ ಪೊರೆಗಳು ಸೀಸ ತವರಗಳಂತೆ ಸಾಧುಸ್ವಭಾವದವಲ್ಲ. ಕಣಕಣವಾಗಿ ಬೆಳೆಯುತ್ತವೆ, ಕಣಗಳ ಸಂದುಗಳಲ್ಲಿ ಸೊರಗುತ್ತವೆ. ಕೆಟ್ಟ ಜಾಗಗಳನ್ನು ಹುಡುಕುವವರಿಗೆ ಸುಗ್ಗಿಯೋ ಸುಗ್ಗಿ. ಪೊರೆಯ ಉಷ್ಣತೆಯನ್ನು ಬದಲಾವಣೆಯ ಹೊಸ್ತಿಲಲ್ಲಿ ನಿಲ್ಲಿಸಿ ಕಿರಣದಿಂದ ಸವರಿದರೆ, ಆ ಉಷ್ಣತೆಯಲ್ಲಿ ಅತಿವಾಹಕತೆಯನ್ನು ಕಳೆದುಕೊಳ್ಳುತ್ತಿರುವ ಜಾಗಗಳು ಮಾತ್ರ ಬೆಳಗುತ್ತವೆ. ಉಷ್ಣತೆಯನ್ನು ಕೊಂಚ ಏರಿಸಿದರೆ ಅವು ಆರಿ ಬೇರೆ ಜಾಗಗಳು ಬೆಳಗುತ್ತವೆ. ಒಂದೇ ಬಟ್ಟೆಯೆಂದು ತಿಳಿದದ್ದು ಹಲವು ತೇಪೆಗಳ ಕೌದಿಯೆಂದು ಗೊತ್ತಾಗುತ್ತದೆ.

ಎಲೆಕ್ಟ್ರಾನಿನ ಬದಲು ಲೇಸರ್ ಬೆಳಕಿನಿಂದ ಕಾಯಿಸುವ ಸೋದರವಿದ್ಯೆಯೂ ಬೆಳೆದಿದೆ. ಅದಕ್ಕೆ ನಿರ್ವಾತದ ರಗಳೆ ಕಡಿಮೆ. ಅಲ್ಲದೆ ಒಂದೇ ಒಂದು ಬೆಳಕಿನ ಕಣ ಬಿದ್ದು ಮೂಡಿಸುವ ಬಿಸಿತಾಣವನ್ನೇ ಸಂಕೇತವಾಗಿ ಬಳಸುವ, ಐದು ನ್ಯಾನೋಮೀಟರ್ ದಪ್ಪದ ನಿಯೋಬಿಯಮ್ ನೈಟ್ರೈಡಿನ ಪಟ್ಟಿಗಳನ್ನು ಮಾಸ್ಕೋದ ಗೊಲ್ಟ್ಸ್‌ಮನ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದರು. ಇಲ್ಲಿ ಬಿಸಿಚುಕ್ಕೆ ಪೊರೆಯನ್ನು ಪರೀಕ್ಷಿಸುವುದಿಲ್ಲ, ಪೊರೆ ಬೆಳಕನ್ನು ಪರೀಕ್ಷಿಸುತ್ತದೆ. ಅದರ ಕಥೆ ಬೇರೆಯೇ ಒಂದು ಲೇಖನಕ್ಕಾಗುವಷ್ಟಿದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚಾಗಿ ಹಿಡಿದು ನಿಲ್ಲಿಸಿದ ಚಿತ್ರ, ಇದೇ ಟ್ಯೂಬಿಂಗನ್ನಿನ ಪರಂಪರೆಯವರು ಇಪ್ಪತ್ತೊಂದನೆಯ ಶತಮಾನದ ಮೊದಲ ವರ್ಷಗಳಲ್ಲಿ ತೆಗೆದದ್ದು. ಅತಿವಾಹಕದ ಮೇಲೆ ಕಾಂತಕ್ಷೇತ್ರ ಬಿದ್ದಾಗ ಅದು ಒಳಹೊಗುವುದು ಸಣ್ಣ ಸಣ್ಣ ಸುಳಿಗಳಾಗಿ. ಒಂದೊಂದು ಸುಳಿಯೂ ನಿಯತವಾದ ಒಂದೇ ಅಳತೆಯ ಕಾಂತಪ್ರವಾಹವನ್ನು ಹೊತ್ತು, ಪೊರೆಯ ಯಾವುದಾದರೊಂದು ಕೊರತೆಯ ತಾಣದಲ್ಲಿ ಬೇರೂರಿ ನಿಂತಿರುತ್ತದೆ. ಪೊರೆಯನ್ನು ಸ್ಕ್ವಿಡ್ ಎಂಬ ಉಂಗುರವಾಗಿ ರಚಿಸಿದರೆ, ಸುಳಿ ಕೊಂಚ ಸರಿದರೂ ಉಂಗುರ ಅದನ್ನು ತಿಳಿಯಬಲ್ಲುದು. ಕಾಂತಕ್ಷೇತ್ರದ ಅಳತೆಗೆ ಅದಕ್ಕಿಂತ ಸೂಕ್ಷ್ಮವಾದ ಉಪಕರಣ ವಿರಳ. ಕಿರಣ ಒಂದು ಗೆರೆಯಗುಂಟ ಸವರುತ್ತ ಬರುತ್ತದೆ. ಸುಳಿಯ ಸಮೀಪಕ್ಕೆ ಬಂದಂತೆ, ಕಾದ ಜಾಗದಲ್ಲಿ ಅತಿವಾಹಕತೆ ಸಡಿಲವಾಗಿರುವುದರಿಂದ, ಸುಳಿ ಆ ಬಿಸಿಯ ಕಡೆಗೆ ಇಷ್ಟೇ ಇಷ್ಟು ವಾಲುತ್ತದೆ. ತೆರೆಯ ಮೇಲೆ ಒಂದು ಬಿಳಿಯ ಚುಕ್ಕೆ. ಕಿರಣ ಸುಳಿಯನ್ನು ದಾಟಿ ಆಚೆಗೆ ಹೋದಾಗ ಸುಳಿ ಆಚೆಯ ಕಡೆಗೆ ವಾಲುತ್ತದೆ. ಬಿಳಿಯ ಪಕ್ಕದಲ್ಲಿ ಒಂದು ಕರಿಯ ಚುಕ್ಕೆ. ಬಿಳುಪು ಕಪ್ಪುಗಳ ಇಂಥ ಜೋಡಿಗಳು ಉಂಗುರದ ಮೈತುಂಬ ಎಳ್ಳು ಚೆಲ್ಲಿದಂತೆ ಮೂಡುತ್ತ ಹೋಗುತ್ತವೆ. ಶಾಖ ಇಂಗಿಹೋಗುತ್ತದೆ, ಸುಳಿ ತನ್ನ ಮೊದಲಿನ ನೆಲೆಗೆ ಮರಳುತ್ತದೆ, ಕಿರಣ ಮುಂದಿನ ಗೆರೆಗೆ ಇಳಿಯುತ್ತದೆ.